ನಕಲಿ ಗಿಟಾರಿನ ಮೇಲೊಂದು ದೂರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಣ್ಣತಮ್ಮಂದಿರಿಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಅಣ್ಣ ಟೈಲರ್. ಅಂಗಿಯ ಎದೆಗೆ ಚುಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಿಡುವ ಎಚ್ಚರವೂ ಇಲ್ಲದೆ ಬಂದಿದ್ದ. ತಮ್ಮ ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು, ಸದ್ದು ಹಿಗ್ಗಿಸುವ ಆಂಪು ಬಾಡಿಗೆಗೆ ಕೊಡುವವನು. ಮೈಕಿನವನು ಎಂದರೇ ಎಲ್ಲರಿಗೂ ಗುರುತು. ಅವನ ತೋಳಿನಲ್ಲಿ ಹಳೆಯ ಹೊದಿಕೆಯೊಳಗೆ ಸುತ್ತಿದ ಉದ್ದನೆಯದೇನೋ ಇತ್ತು. ಮಲಗಿದ ಮಗುವನ್ನು ಇಳಿಸುವಂತೆ ಅದನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಇಳಿಸಿದ. ಬಿಚ್ಚಿ ನೋಡಿದರೆ ನೀಲಿ ಬಣ್ಣದ ಎಲೆಕ್ಟ್ರಿಕ್ ಗಿಟಾರ್.

ಇನ್‌ಸ್ಪೆಕ್ಟರ್ ಹೆಂಗಸು. ಈ ಠಾಣೆಗೆ ಬಂದ ಮೇಲೆ ಆಕೆಗೆ ಎರಡು ಹೆಸರು ಅಂಟಿಕೊಂಡಿದ್ದವು: ಎದುರಿಗೆ ಮೇಡಂ, ಬೆನ್ನ ಹಿಂದೆ ಮೊಂಡಮ್ಮ. ಎರಡನೆಯದು ಆಕೆಯ ಕಿವಿಗೂ ಬಿದ್ದಿತ್ತು. ನಿಜ ಹೇಳಬೇಕೆಂದರೆ ಆಕೆಗೆ ಅದೇ ಹೆಚ್ಚು ಇಷ್ಟವಾಗಿತ್ತು.

“ಏನಿದು?”

“ಇದೇ ಮೇಡಂ ನಮ್ಮ ಹುಡುಗೀನ ಸಾಯಿಸೋಕೆ ಹೋಗಿದ್ದು,” ಎಂದ ಮೈಕಿನವನು.

ತಮ್ಮನೇ ಎಲ್ಲವನ್ನೂ ಹೇಳಿದ. ಟೈಲರನ ಒಬ್ಬಳೇ ಮಗಳು ಹಾಡುತ್ತಾಳೆ, ಗಿಟಾರ್ ಬಾರಿಸುತ್ತಾಳೆ. ಶನಿವಾರ ಸಂಜೆ ಸಭಾಂಗಣದಲ್ಲಿ ಅವಳ ಕಾರ್ಯಕ್ರಮ. ಮೊದಲ ಹಾಡಿನ ನಡುವೆ ಮೈಕಿಗೆ ತುಟಿ ತಾಕಿತೋ ಇಲ್ಲವೋ, ಸೆಟೆದು ವೇದಿಕೆಯಿಂದ ಕೆಳಗೆ ಬಿದ್ದಳು. ಎದೆಬಡಿತ ನಿಂತಿತ್ತು. ಸಭಿಕರಲ್ಲಿದ್ದ ನರ್ಸ್ ಒಬ್ಬಳು ಓಡಿ ಬಂದು ಎದೆ ಒತ್ತದಿದ್ದರೆ ಉಳಿಯುತ್ತಿರಲಿಲ್ಲ. ಎಡಗೈ ಬೆರಳುಗಳು ಸುಟ್ಟಿವೆ. ಎರಡು ಬೆರಳು ಮತ್ತೆ ಮಡಚುತ್ತವೆಯೋ ಇಲ್ಲವೋ ಎಂದು ವೈದ್ಯರೂ ಬಾಯಿ ಬಿಟ್ಟಿಲ್ಲ.

“ಗಿಟಾರ್ ನಕಲಿ ಮೇಡಂ. ದೊಡ್ಡ ಕಂಪನಿ ಹೆಸರು ಹಾಕಿ ಕಸ ಮಾರ್ತಾಳೆ ಒಬ್ಬಳು. ತಂತಿಯಕ್ಕ ಅಂತಾರೆ. ಅವಳನ್ನ ಒಳಗೆ ಹಾಕಿ.”

“ಇದನ್ನ ಯಾವ ಆಂಪಿಗೆ ಹಾಕಿದ್ರಿ?”

“ನಮ್ಮದೇ. ಅದಕ್ಕೇನೂ ಆಗಿಲ್ಲ. ನಿನ್ನೆ ಇನ್ನೊಂದು ಪ್ರೋಗ್ರಾಮಿಗೂ ಹೋಗಿ ಬಂತು.”

ಇನ್‌ಸ್ಪೆಕ್ಟರ್ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಳು. ಆ ತಲೆಯಾಡಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡದ್ದು ಆಮೇಲೆ.

ಎಫ್‌ಐಆರ್ ದಾಖಲಾಯಿತು. ಗಿಟಾರನ್ನು ವಶಪಡಿಸಿಕೊಳ್ಳುವ ಕೆಲಸ ಹೆಡ್ ಕಾನ್‌ಸ್ಟೆಬಲ್ ಪಾಲಿಗೆ ಬಂತು. ಪಂಚನಾಮೆ ಬರೆಯುವುದೆಂದರೆ ಪ್ರಾಣ ಬಿಡುವ ಮನುಷ್ಯ. ಬಿಟ್ಟರೆ ತನ್ನ ಊಟದ ಡಬ್ಬಿಗೂ ಇಬ್ಬರು ಪಂಚರನ್ನು ಕರೆಯುತ್ತಾನೆ ಎಂದು ಠಾಣೆಯವರೆಲ್ಲ ರೇಗಿಸುತ್ತಿದ್ದರು; ಹಾಗಾಗಿ ಅವನ ಹೆಸರು ಪಂಚಣ್ಣ. ಪಂಚಣ್ಣ ಗಿಟಾರಿನ ಉದ್ದ ಅಗಲ ಅಳೆದು, ತಂತಿ ಆರು, ಅದರಲ್ಲಿ ತುಂಡಾದದ್ದು ಒಂದು ಎಂದು ಬರೆದು, ಅರಗಿನ ಮುದ್ರೆ ಒತ್ತಿದ.

ಮಧ್ಯಾಹ್ನ ಇನ್‌ಸ್ಪೆಕ್ಟರ್, ಪಂಚಣ್ಣ ಇಬ್ಬರೂ ಆಸ್ಪತ್ರೆಗೆ ಹೋದರು. ಹುಡುಗಿಗೆ ಇಪ್ಪತ್ತು ವರ್ಷ. ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ತೂಗುವ ಕೆಲಸ. ಎಡಗೈ ಮೊಣಕೈವರೆಗೂ ಬ್ಯಾಂಡೇಜಿನಲ್ಲಿತ್ತು. ಮುಖ ಬಿಳುಚಿಕೊಂಡಿದ್ದರೂ ಕಣ್ಣುಗಳು ಮಾತ್ರ ಜಗಳಕ್ಕೆ ತಯಾರಾಗಿ ನಿಂತಿದ್ದವು.

“ಗಿಟಾರ್ ಯಾರ ಹತ್ರ ತಗೊಂಡೆ?”

“ತಂತಿಯಕ್ಕನ ಹತ್ರ.”

“ನಕಲಿ ಅಂತ ಗೊತ್ತಿತ್ತಾ?”

“ಅವರೇ ಹೇಳಿ ಕೊಟ್ಟರು.”

“ಗೊತ್ತಿದ್ದೂ ತಗೊಂಡ್ಯಾ?”

“ಅಸಲಿಗೆ ಕಾಯ್ತಾ ಕೂತ್ರೆ ಕೈ ಕಲಿಯೋದು ಯಾವಾಗ ಮೇಡಂ? ಮುದುಕಿ ಆದ್ಮೇಲಾ?”

ಪಂಚಣ್ಣ ಕೆಮ್ಮಿನೊಳಗೆ ನಗು ನುಂಗಿದ. ಇನ್‌ಸ್ಪೆಕ್ಟರ್ ಮುಂದುವರಿಸಿದಳು.

“ಹಿಂದೆ ಯಾವತ್ತಾದ್ರೂ ಶಾಕ್ ಹೊಡೆದಿತ್ತಾ?”

“ಇಲ್ಲ. ಮನೇಲಿ ದಿನಾ ಬಾರಿಸ್ತೀನಿ.”

“ಶನಿವಾರ ಏನಾದ್ರೂ ಬೇರೆ ಥರ ಅನ್ನಿಸಿತ್ತಾ?”

“ಸದ್ದು ಇರ್ಲಿಲ್ಲ.”

“ಯಾವ ಸದ್ದು?”

“ಗುಂಯ್ ಅಂತ ಬರತ್ತಲ್ಲ, ಅದು. ಸ್ಟೇಜಿನ ಮೇಲೆ ಯಾವಾಗ್ಲೂ ಬರ್ತಿತ್ತು. ಹೋದ ಸಲ ನಾನು ಹಾಡೋದಕ್ಕಿಂತ ಅದೇ ಜೋರಾಗಿ ಕೇಳ್ತಿತ್ತು. ನಕಲಿ ಗಿಟಾರಿಗೆ ನಕಲಿ ಹಾಡು ಅಂತ ಮುಂದಿನ ಸಾಲಿನಲ್ಲಿ ಕೂತಿದ್ದೋರು ನಕ್ಕರು. ಶನಿವಾರ ಒಂದು ಚೂರೂ ಇರ್ಲಿಲ್ಲ. ಖುಷಿಯಾಗಿ ಚಿಕ್ಕಪ್ಪನ ಕಡೆ ನೋಡಿ ನಕ್ಕೆ.” ಆಮೇಲೆ ದಿಂಬಿನಿಂದ ತಲೆ ಎತ್ತಿದಳು. “ನನ್ನ ಗಿಟಾರ್ ವಾಪಸ್ ಕೊಡ್ತೀರಲ್ಲ?”

“ಅದು ಸಾಕ್ಷ್ಯ. ಕೋರ್ಟು ಹೇಳಿದ ಮೇಲೆ.”

“ಅದೇನೂ ಮಾಡಿಲ್ಲ ಮೇಡಂ.”

ಕಟ್ಟಿಕೊಂಡ ಗಂಡನನ್ನು ಬಿಟ್ಟುಕೊಡದ ಹೆಂಡತಿಯ ಹಾಗೆ ಮಾತಾಡ್ತಾಳಲ್ಲ ಎಂದು ಮೆಟ್ಟಿಲಿಳಿಯುವಾಗ ಪಂಚಣ್ಣ ಗೊಣಗಿದ. ಇನ್‌ಸ್ಪೆಕ್ಟರ್ ನಗಲಿಲ್ಲ. ಇಲ್ಲದ ಸದ್ದೊಂದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಮಂಗಳವಾರ ತಂತಿಯಕ್ಕನ ಅಂಗಡಿಯ ಮೇಲೆ ದಾಳಿ. ಅಸಲಿ ಗಿಟಾರ್ ಮಾಡುವ ಕಂಪನಿಯ ಪ್ರತಿನಿಧಿಯೂ ಜೊತೆಗೆ ಬಂದ. ಕೊರಳಿಗೆ ಟೈ, ಕೈಯಲ್ಲಿ ಗಟ್ಟಿ ಪೆಟ್ಟಿಗೆ, ಅದರೊಳಗೆ ಹೋಲಿಸಿ ನೋಡಲೆಂದು ಒಂದು ಅಸಲಿ ಗಿಟಾರ್. ಆತ ಎರಡು ಮಾತಿಗೊಮ್ಮೆ ಗ್ರಾಹಕರ ಸುರಕ್ಷತೆ ಎನ್ನುತ್ತಿದ್ದ. ಕಾರಿನಿಂದ ಇಳಿಯುವುದರೊಳಗೆ ಇನ್‌ಸ್ಪೆಕ್ಟರಿಗೆ ಆ ಎರಡು ಶಬ್ದ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಅಂಗಡಿ ಎಂದರೆ ಸೈಕಲ್ ರಿಪೇರಿಯವನ ಮೇಲಂತಸ್ತಿನ ಉದ್ದನೆಯ ಕೋಣೆ. ಒಗೆದು ಹರವಿದ ಬಟ್ಟೆಗಳ ಹಾಗೆ ಗಿಟಾರುಗಳು ಸಾಲಾಗಿ ಸರಳಿಗೆ ನೇತಾಡುತ್ತಿದ್ದವು. ಕಿಟಕಿಯ ಪಕ್ಕ ಐವತ್ತು ದಾಟಿದ ಹೆಂಗಸು, ಕನ್ನಡಕ ತಲೆಯ ಮೇಲೆ ಏರಿಸಿಕೊಂಡು, ಬೆಸುಗೆ ಕಡ್ಡಿ ಹಿಡಿದು ಕೂತಿದ್ದಳು. ಪೊಲೀಸರನ್ನು ಕಂಡರೂ ಏಳಲಿಲ್ಲ.

“ಇವೆಲ್ಲ ನಕಲಿನಾ?”

“ಒಂದೂ ಬಿಡದೆ.”

ಪಂಚಣ್ಣನ ಪೆನ್ನು ನಿಂತಿತು. ಅವನ ಸರ್ವಿಸಿನಲ್ಲಿ ಇಷ್ಟು ಬೇಗ ಯಾರೂ ಒಪ್ಪಿಕೊಂಡಿರಲಿಲ್ಲ.

“ಎಲ್ಲಿಂದ ಬರತ್ತೆ?”

“ಹಡಗಿನಲ್ಲಿ. ಪೆಟ್ಟಿಗೆಗಟ್ಟಲೆ.”

“ಕಂಪನಿ ಹೆಸರು ಹಾಕೋದು ನೀವಾ?”

“ಬರೋವಾಗ್ಲೇ ಇರತ್ತೆ. ನಾನು ಅಳಿಸಲ್ಲ.”

“ಯಾಕೆ?”

“ಅಳಿಸಿದ್ರೆ ಯಾರೂ ಮೂಸಿಯೂ ನೋಡಲ್ಲ.”

ಕಂಪನಿಯವನ ಮುಖ ಕೆಂಪೇರಿತು. ಆತ ಗ್ರಾಹಕರ ಎನ್ನುವಷ್ಟರಲ್ಲಿ ಪಂಚಣ್ಣ ತಂತಿಯಕ್ಕನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದ. “ಅಕ್ಕ, ನಮ್ಮ ಮಗಳೂ ಇಂಥದ್ದೇ ಬೇಕು ಅಂತ ಹಟ ಹಿಡಿದಿದಾಳೆ. ತಗೋಬಹುದಾ?”

ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಿದಳು. ಬಾಯಿ ಮುಚ್ಚಿಸಲಿಲ್ಲ, ಉತ್ತರ ಆಕೆಗೂ ಬೇಕಿತ್ತು. ತಂತಿಯಕ್ಕ ಮೂಲೆಯ ಪೆಟ್ಟಿಗೆಯಿಂದ ಹೊಸ ಗಿಟಾರೊಂದನ್ನು ಎಳೆದು ಅದರ ಕತ್ತಿನ ಅಂಚಿನುದ್ದಕ್ಕೂ ಪಂಚಣ್ಣನ ಬೆರಳು ಹಿಡಿದು ಎಳೆದಳು. ಲೋಹದ ಪಟ್ಟಿಗಳ ತುದಿ ಚುಚ್ಚಿ ಅವನು ಹಾ ಎಂದ.

“ನೋಡಿದ್ರಾ? ಪೆಟ್ಟಿಗೆಯಿಂದ ತೆಗೆದ ಹಾಗೇ ತಗೊಂಡ್ರೆ ದುಡ್ಡು ನೀರಿಗೆ ಎಸೆದ ಹಾಗೆ. ಕತ್ತು ಬಾಗಿರತ್ತೆ. ಶ್ರುತಿ ಮಾಡಿದ್ರೆ ಒಂದು ಹಾಡಿನವರೆಗೂ ನಿಲ್ಲಲ್ಲ. ಒಳಗಿನ ಬೆಸುಗೆ ಉಗುರಿನಲ್ಲಿ ಎಬ್ಬಿಸಬಹುದು. ನಾನು ಕೂತು ಉಜ್ಜಿ, ಬಿಚ್ಚಿ, ಮತ್ತೆ ಕಟ್ಟಿದ ಮೇಲೆ ಬಾರಿಸಬಹುದು. ಅಸಲಿ ಆಗತ್ತೆ ಅಂತ ಹೇಳಲ್ಲ. ಬಾರಿಸಬಹುದು, ಅಷ್ಟೇ.”

“ಅಷ್ಟು ಚೆನ್ನಾಗಿ ಮಾಡೋ ಕೈ ಇದ್ದ ಮೇಲೆ ನಿಮ್ಮ ಹೆಸರೇ ಹಾಕಿ ಮಾರಬಹುದಿತ್ತಲ್ಲ?” ಎಂದಳು ಇನ್‌ಸ್ಪೆಕ್ಟರ್.

“ಹಾಕಿದ್ದೆ. ವರ್ಷಗಟ್ಟಲೆ ಧೂಳು ತಿಂತಾ ನೇತಾಡಿದ್ವು. ನನ್ನ ಹೆಸರು ಯಾರಿಗೆ ಬೇಕು?”

“ಅದಕ್ಕೆ ಸುಳ್ಳು ಹೆಸರಾ?”

“ಕೊಳ್ಳೋರಿಗೆ ನಿಜ ಹೇಳೇ ಕೊಡ್ತೀನಿ.”

“ಅವರು ಇನ್ನೊಬ್ಬರಿಗೆ ಮಾರೋವಾಗ ನಿಜ ಹೇಳ್ತಾರಾ?”

ತಂತಿಯಕ್ಕ ಬೆಸುಗೆ ಕಡ್ಡಿಯ ತುದಿಯನ್ನು ಒದ್ದೆ ಬಟ್ಟೆಗೆ ಒರೆಸಿದಳು. ಇನ್‌ಸ್ಪೆಕ್ಟರ್ ಅಷ್ಟಕ್ಕೇ ಬಿಡಲಿಲ್ಲ.

“ನೀವು ಕೊಟ್ಟ ಗಿಟಾರಿನಿಂದ ಒಬ್ಬಳು ಹುಡುಗಿ ಸಾಯೋದ್ರಲ್ಲಿದ್ದಳು.”

“ಕೇಳಿದೆ.” ತಂತಿಯಕ್ಕ ಈಗ ಎದ್ದು ನಿಂತಳು. “ಅವಳಿಗೆ ಹಾಗಾಗಿದ್ದಕ್ಕೆ ಹೊಟ್ಟೆ ಉರೀತಿದೆ. ಆದ್ರೆ ಗಿಟಾರ್ ಶಾಕ್ ಕೊಡಲ್ಲ. ಅದರೊಳಗೆ ಕರೆಂಟ್ ಹುಟ್ಟೋ ಅಂಥದ್ದು ಏನೂ ಇಲ್ಲ, ಬ್ಯಾಟರಿ ಕೂಡ ಇಲ್ಲ. ಬಂದ್ರೆ ಆಂಪಿನಿಂದ ಬರ್ಬೇಕು. ಆಂಪ್ ಎಲ್ಲಿ? ಠಾಣೆಗೆ ತಂದಿದೀರಾ?”

ಇನ್‌ಸ್ಪೆಕ್ಟರಿಗೆ ಕೆನ್ನೆ ಬಿಸಿಯಾಯಿತು. ತಂದಿರಲಿಲ್ಲ. ಎಲ್ಲರೂ ಗಿಟಾರಿನತ್ತ ಬೆರಳು ತೋರಿಸಿದ್ದರು. ತಾನೂ ಕುರಿಯ ಹಾಗೆ ಅತ್ತಲೇ ನೋಡಿದ್ದಳು.

ಗಿಟಾರುಗಳನ್ನೆಲ್ಲ ಜಪ್ತಿ ಮಾಡಿ, ತಂತಿಯಕ್ಕನನ್ನು ಠಾಣೆಗೆ ಕರೆತಂದು ಕೂರಿಸುವ ಹೊತ್ತಿಗೆ ಫೋನು ಬಡಿದುಕೊಳ್ಳುತ್ತಿತ್ತು. ಆ ಕಡೆ ದೊಡ್ಡ ಸಾಹೇಬರು.

“ಕಂಪನಿಯವರು ತುಂಬಾ ಸಂತೋಷಪಟ್ಟರಮ್ಮಾ. ನಾಳೆ ಸಂಜೆ ಪತ್ರಿಕೆಯವರನ್ನ ಕರೆದಿದೀನಿ. ನಕಲಿ ಗಿಟಾರ್ ಜೀವ ತೆಗೆಯತ್ತೆ ಅಂತ ಜನಕ್ಕೆ ಗೊತ್ತಾಗ್ಲಿ. ಕೊಲೆಗೆ ಸಮನಾದ ಕಲಮು ಸೇರಿಸಿ ಮುಗಿಸಿಬಿಡಿ.”

“ಸರ್, ಆಂಪ್ ಇನ್ನೂ ನೋಡಿಲ್ಲ.”

“ನೋಡೋದೇನಿದೆ? ನಕಲಿ ಅಂತ ಅವಳೇ ಒಪ್ಪಿದಾಳೆ.”

“ನಕಲಿ ಅಂತ ಒಪ್ಪಿದಾಳೆ ಸರ್. ಶಾಕ್ ಕೊಟ್ಟೆ ಅಂತ ಒಪ್ಪಿಲ್ಲ.”

“ಹಟ ಮಾಡ್ಬೇಡಿ.”

“ಹಾಗೇ ಬರಹದಲ್ಲಿ ಆದೇಶ ಕಳಿಸಿ ಸರ್. ತಲೆ ಬಾಗಿಸಿ ಪಾಲಿಸ್ತೀನಿ.”

ಬರಹದಲ್ಲಿ ಎಂದ ಕೂಡಲೇ ಸಾಹೇಬರಿಗೆ ಬೇರೇನೋ ಕೆಲಸ ನೆನಪಾಗಿ ಫೋನು ಇಟ್ಟರು. ಪಂಚಣ್ಣ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆ ಕಲಮು ಬಿದ್ದರೆ ಜಾಮೀನಿಲ್ಲ, ತಂತಿಯಕ್ಕ ವರ್ಷಾನುಗಟ್ಟಲೆ ಹೊರಗಿನ ಬೆಳಕು ನೋಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೆಸರಿನ ಮೋಸಕ್ಕೆ ಆಗಬೇಕಾದ ಶಿಕ್ಷೆ ಆಗಲಿ. ಮಾಡದ ಕೊಲೆಯತ್ನವನ್ನು ಯಾರಿಗೋ ಅನುಕೂಲವಾಗಲಿ ಎಂದು ಒಬ್ಬಳ ತಲೆಗೆ ಕಟ್ಟಲು ತಾನು ಈ ಟೋಪಿ ಹಾಕಿಕೊಂಡಿಲ್ಲ ಎಂದು ಇನ್‌ಸ್ಪೆಕ್ಟರ್ ಗಟ್ಟಿಯಾಗಿಯೇ ಹೇಳಿದಳು. ಪಂಚಣ್ಣ ಹೂಂ ಎಂದ. ಅದೊಂದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಬುಧವಾರ ಬೆಳಿಗ್ಗೆ ಮೈಕಿನವನ ಗೋದಾಮು. ಸರ್ಕಾರಿ ವಿದ್ಯುತ್ ಪರಿವೀಕ್ಷಕರನ್ನು ಇನ್‌ಸ್ಪೆಕ್ಟರ್ ಖುದ್ದಾಗಿ ಹೋಗಿ ಕರೆತಂದಿದ್ದಳು. ಗಂಟುಮೋರೆಯ, ಕಡಿಮೆ ಮಾತಿನ ಮನುಷ್ಯ. ಕರೆಯದೇ ಬಂದವನು ಕಂಪನಿಯ ಪ್ರತಿನಿಧಿ. ಅಸಲಿಗೂ ನಕಲಿಗೂ ಇರುವ ವ್ಯತ್ಯಾಸವನ್ನು ಪರಿವೀಕ್ಷಕರ ಕಣ್ಣಿಗೆ ಕಟ್ಟುವಂತೆ ತೋರಿಸಬೇಕೆಂದು ತನ್ನ ಪೆಟ್ಟಿಗೆಯನ್ನೂ ಹೊತ್ತು ತಂದಿದ್ದ.

ಗೋದಾಮಿನಲ್ಲಿ ಸ್ಪೀಕರುಗಳು ಮಾಡು ಮುಟ್ಟುವಂತೆ ಪೇರಿಸಿದ್ದವು. ವೈರುಗಳನ್ನು ಮಾತ್ರ ಬಹಳ ನೀಟಾಗಿ, ಉಂಗುರ ಸುತ್ತಿ, ಮೊಳೆಗಳಿಗೆ ನೇತುಹಾಕಿತ್ತು. ಕೆಲಸ ಬಲ್ಲವನ ಗೋದಾಮು ಎಂದು ನೋಡಿದವರು ಹೇಳಬೇಕು. ಮೈಕಿನವನು ಮೂಲೆಯಿಂದ ಆಂಪನ್ನು ತಳ್ಳಿಕೊಂಡು ಬಂದ.

ಪರಿವೀಕ್ಷಕರು ಕೂತು ಅದರ ವೈರು ಕೈಗೆತ್ತಿಕೊಂಡರು. ವೈರು ಹಳೆಯದು, ಮಾಸಿದ್ದು, ನೂರು ವೇದಿಕೆಯ ಧೂಳು ಕುಡಿದದ್ದು. ತುದಿಯ ಪ್ಲಗ್ಗು ಮಾತ್ರ ಮದುಮಗನ ಹಾಗೆ ಫಳಫಳ ಹೊಳೆಯುತ್ತಿತ್ತು.

“ಪ್ಲಗ್ ಯಾವಾಗ ಹಾಕಿದ್ದು?” ಎಂದಳು ಇನ್‌ಸ್ಪೆಕ್ಟರ್.

“ಆಗಾಗ ಬದಲಾಯಿಸ್ತಿರ್ತೀವಿ ಮೇಡಂ.”

“ಇದನ್ನ ಯಾವಾಗ?”

“ನೆನಪಿಲ್ಲ.”

ಪರಿವೀಕ್ಷಕರು ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿ ಆಂಪಿನ ಗುಂಡಿ ಒತ್ತಿದರು. ಧಡ್ ಎಂದು ಮೇನ್ ಸ್ವಿಚ್ ಬಿತ್ತು. ಗೋದಾಮಿನ ದೀಪಗಳೆಲ್ಲ ಆರಿದವು. ಮೇನ್ ಏರಿಸಿ ಮತ್ತೆ ಒತ್ತಿದರು. ಮತ್ತೆ ಬಿತ್ತು.

“ಇದು ಭಾನುವಾರ ಪ್ರೋಗ್ರಾಮಿಗೆ ಹೋಗಿತ್ತು ಅಂದ್ಯಲ್ಲ?” ಇನ್‌ಸ್ಪೆಕ್ಟರ್ ಬಾಗಿಲ ಬೆಳಕಿನಲ್ಲಿ ಮೈಕಿನವನ ಮುಖವನ್ನೇ ನೋಡಿದಳು. “ಕತ್ತಲೆಯಲ್ಲಿ ನಡೆಸಿದ್ರಾ?”

ಪರಿವೀಕ್ಷಕರು ಆಂಪಿನ ಹಿಂಬದಿ ಬಿಚ್ಚಿ ಟಾರ್ಚು ಬಿಟ್ಟರು. ಒಳಗಿನ ವೈರೊಂದರ ಮೇಲ್ಪದರ ಒಣಗಿ ಉದುರಿತ್ತು. ತಾಮ್ರ ನೇರವಾಗಿ ಲೋಹದ ಮೈಗೆ ತಾಗಿಕೊಂಡಿತ್ತು. ಕರೆಂಟು ಆಂಪಿನ ಮೈಗೇ ಬರುತ್ತಿದೆ, ಅರ್ಥ್ ವೈರು ಅದನ್ನು ನೆಲಕ್ಕೆ ಇಳಿಸುತ್ತಿದೆ, ಅದಕ್ಕೇ ಮೇನ್ ಬೀಳುತ್ತಿದೆ ಎಂದರು. ಅರ್ಥ್ ಇದ್ದಿದ್ದರೆ ಶನಿವಾರವೂ ಸಭಾಂಗಣದ ಮೇನ್ ಬೀಳಬೇಕಿತ್ತು, ಹುಡುಗಿಗೆ ಏನೂ ಆಗಬಾರದಿತ್ತು.

“ಅರ್ಥ್ ಇಲ್ಲದಿದ್ರೆ?”

“ನೋಡೋಣ.”

ಹೊಸ ಪ್ಲಗ್ಗನ್ನು ಬಿಚ್ಚಿ ಒಳಗಿನ ಅರ್ಥ್ ವೈರನ್ನು ಕಳಚಿ ಮತ್ತೆ ಸಿಕ್ಕಿಸಿದರು. ಈಗ ಮೇನ್ ಬೀಳಲಿಲ್ಲ. ಆಂಪಿನ ದೀಪ ತಣ್ಣಗೆ ಹೊತ್ತಿಕೊಂಡಿತು. ಸ್ಪೀಕರಿನಿಂದ ಉಸಿರಿನಷ್ಟೂ ಸದ್ದಿಲ್ಲ.

ಹುಡುಗಿ ಹೇಳಿದ್ದ ಮೌನ ಇದೇ. “ಒಂದು ಗಿಟಾರ್ ಬೇಕು,” ಎಂದಳು ಇನ್‌ಸ್ಪೆಕ್ಟರ್. ನಕಲಿಗಳೆಲ್ಲ ಅರಗು ಹಾಕಿಸಿಕೊಂಡು ಠಾಣೆಯಲ್ಲಿದ್ದವು. ಆಕೆ ಕಂಪನಿಯವನ ಪೆಟ್ಟಿಗೆಯ ಕಡೆ ತಿರುಗಿದಳು. “ಅದನ್ನ ಕೊಡಿ.”

“ಮೇಡಂ, ಇದು ಅಸಲಿ.”

“ಅಸಲಿಗೆ ಭಯ ಯಾಕೆ?”

ಅಸಲಿ ಗಿಟಾರನ್ನು ಆಂಪಿಗೆ ಜೋಡಿಸಿ ಮರದ ಸ್ಟೂಲಿನ ಮೇಲಿಟ್ಟರು. ಪರಿವೀಕ್ಷಕರು ಟೆಸ್ಟರಿನ ತುದಿಯನ್ನು ತಂತಿಗೆ ತಾಕಿಸಿದರು. ಟೆಸ್ಟರಿನೊಳಗಿನ ದೀಪ ಕೆಂಪಗೆ ಹೊತ್ತಿತು. ಎರಡನೇ ತಂತಿ, ಮೂರನೇ ತಂತಿ, ಎಲ್ಲದರಲ್ಲೂ ಹೊತ್ತಿತು. ತಂತಿಗಳ ಮೇಲೆ ಪ್ರೀತಿಯಿಂದ ಕೈಯಿಡಲು ಹೊರಟಿದ್ದ ಕಂಪನಿಯವನು ಹಾವು ಕಂಡವನಂತೆ ಹಿಂದಕ್ಕೆ ಹಾರಿದ.

“ಯಾವ ಗಿಟಾರ್ ಹಾಕಿದ್ರೂ ಇದೇ,” ಎಂದರು ಪರಿವೀಕ್ಷಕರು. “ಮೈಕಿಗೆ ಅರ್ಥ್ ಇತ್ತು. ಕೈ ತಂತಿ ಮೇಲೆ, ತುಟಿ ಮೈಕಿಗೆ. ಕರೆಂಟ್ ಅವಳ ಮೂಲಕ ದಾರಿ ಮಾಡ್ಕೊಂಡಿದೆ.”

“ಪಂಚಣ್ಣ, ಬರೀರಿ. ಪರೀಕ್ಷೆಗೆ ಬಳಸಿದ್ದು ಅಸಲಿ ಗಿಟಾರ್. ಕಂಪನಿಯವರೇ ತಂದದ್ದು.”

“ನಮ್ಮ ಹೆಸರು ಪಂಚನಾಮೆಯಲ್ಲಿ ಬರೋದು ಬೇಡ ಮೇಡಂ,” ಕಂಪನಿಯವನು ಬೆವರೊರೆಸಿಕೊಂಡ. “ಜನ ತಪ್ಪು ತಿಳಿತಾರೆ.”

“ನಕಲಿ ಮೇಲೆ ನಿಮ್ಮ ಹೆಸರು ಇದ್ರೂ ಕಷ್ಟ, ಅಸಲಿ ಮೇಲೆ ಇದ್ರೂ ಕಷ್ಟ. ಪಂಚಣ್ಣ, ದೊಡ್ಡ ಅಕ್ಷರದಲ್ಲಿ ಬರೀರಿ.”

ಪಂಚಣ್ಣ ಇಂಥ ದಿನಕ್ಕಾಗಿಯೇ ಹುಟ್ಟಿದವನಂತೆ ಬರೆದ. ಇನ್‌ಸ್ಪೆಕ್ಟರ್ ಮಾತ್ರ ಆಂಪಿನ ವೈರನ್ನು ಬಿಟ್ಟಿರಲಿಲ್ಲ. ಪ್ಲಗ್ಗಿನಿಂದ ಒಂದು ಗೇಣು ಮೇಲೆ ಹಳದಿ ಟೇಪಿನ ಒಂದು ಸುತ್ತು ಇತ್ತು. ಮಾಸಿ, ವೈರಿನ ಮೈಗೇ ಅಂಟಿಹೋಗಿತ್ತು.

“ಇದೇನು?”

“ನಮ್ಮ ಅಂಗಡಿ ಗುರುತು ಮೇಡಂ. ಬೇರೆಯವರ ಸಾಮಾನಿನ ಜೊತೆ ಕಲೆಸಿಹೋಗಬಾರದು ಅಂತ.”

ಆಕೆ ಗೋಡೆಯ ಮೊಳೆಗಳತ್ತ ನೋಡಿದಳು. ಕೆಲವು ವೈರುಗಳಿಗೆ ಹಳದಿ ಸುತ್ತು ಇತ್ತು. ಹೆಚ್ಚಿನವಕ್ಕೆ ಇರಲಿಲ್ಲ.

“ಹಾಗಾದ್ರೆ ಉಳಿದವು ಯಾರ ಅಂಗಡಿಯವು?”

ಪರಿವೀಕ್ಷಕರು ಹಳದಿ ಸುತ್ತಿನ ಒಂದು ಪ್ಲಗ್ಗು ಬಿಚ್ಚಿದರು: ಅರ್ಥ್ ವೈರು ಬುಡಕ್ಕೇ ಕತ್ತರಿಸಿತ್ತು. ಇನ್ನೊಂದು ಬಿಚ್ಚಿದರು: ಅದೂ ಹಾಗೇ. ಸುತ್ತಿಲ್ಲದ್ದನ್ನು ಬಿಚ್ಚಿದರು: ಅರ್ಥ್ ಸರಿಯಾಗಿತ್ತು. ಮತ್ತೆ ಪ್ರಶ್ನೆ ಕೇಳುವ ಅಗತ್ಯ ಬೀಳಲಿಲ್ಲ. ಮೈಕಿನವನು ಸ್ಪೀಕರಿಗೆ ಬೆನ್ನು ಕೊಟ್ಟು ಹಾಗೇ ಕುಸಿದು ಕೂತ.

“ಎಲ್ಲರೂ ಮಾಡ್ತಾರೆ ಮೇಡಂ,” ಎಂದ. “ಎರಡು ಮೂರು ಪೆಟ್ಟಿಗೆ ಒಟ್ಟಿಗೆ ಜೋಡಿಸಿದ್ರೆ ಗುಂಯ್ ಅನ್ನತ್ತೆ. ಒಂದರ ಅರ್ಥ್ ಕಿತ್ತರೆ ನಿಂತುಹೋಗತ್ತೆ. ನಮ್ಮ ಕೆಲಸದಲ್ಲಿ ಕೈ ಹಿಡಿದು ಮೊದಲು ಕಲಿಸೋದೇ ಇದನ್ನ. ಕಿತ್ತಿದ್ದು ಯಾವುದು ಅಂತ ಗೊತ್ತಾಗೋಕೆ ಟೇಪು.”

ಹುಡುಗಿ ಬಿದ್ದ ಮರುದಿನ ಅವನು ಪ್ಲಗ್ಗು ಬದಲಾಯಿಸಿ ಅರ್ಥ್ ಜೋಡಿಸಿದ್ದ. ಟೇಪು ಸುತ್ತಿದ್ದು ಎಷ್ಟೋ ವರ್ಷದ ಹಿಂದೆ. ಅದು ಅವನ ಕಣ್ಣಿಗೆ ವೈರಿನ ಬಣ್ಣವೇ ಆಗಿಹೋಗಿತ್ತು. ಕಿತ್ತು ಹಾಕಬೇಕೆಂದು ಹೊಳೆದಿರಲೇ ಇಲ್ಲ.

ಮಧ್ಯಾಹ್ನ ಟೈಲರ್ ಠಾಣೆಗೆ ಓಡಿ ಬಂದ. ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ತಮ್ಮನನ್ನು ನೋಡಿದ, ಮಾತಾಡಿಸಲಿಲ್ಲ. ನೇರವಾಗಿ ಇನ್‌ಸ್ಪೆಕ್ಟರ್ ಮುಂದೆ ಕೈ ಮುಗಿದು ನಿಂತ.

“ದೂರು ವಾಪಸ್ ತಗೋತೀನಿ ಮೇಡಂ. ಇದು ಮನೆ ವಿಷಯ.”

“ತಪ್ಪು ತಂತಿಯಕ್ಕನದು ಅಂತ ಇದ್ದಾಗ ಮನೆ ವಿಷಯ ಆಗಿರ್ಲಿಲ್ಲ.”

“ಒಡಹುಟ್ಟಿದವನು ಮೇಡಂ. ಬೇಕು ಅಂತ ಮಾಡಿಲ್ಲ.”

“ಪ್ಲಗ್ ಬದಲಾಯಿಸಿದ್ದು ಬೇಕು ಅಂತಲೇ. ಇನ್ನೊಬ್ಬಳ ಮೇಲೆ ಹಾಕಿದ್ದೂ ಬೇಕು ಅಂತಲೇ.” ಆಕೆ ಟೋಪಿ ಎತ್ತಿಕೊಂಡಳು. “ವಾಪಸ್ ತಗೊಳ್ಳೋಕೆ ಸುಟ್ಟಿದ್ದು ನಿಮ್ಮ ಬೆರಳಲ್ಲ. ನಡೀರಿ.”

ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ನಡೆದದ್ದನ್ನೆಲ್ಲ ಸುತ್ತುಬಳಸಿಲ್ಲದೆ ಹೇಳಿದಳು. ಕೇಳುತ್ತ ಕೇಳುತ್ತ ಹುಡುಗಿಯ ಮುಖದ ಮೇಲಿದ್ದ ಬಣ್ಣವೂ ಇಳಿಯಿತು.

“ಅದಕ್ಕೇ ಸದ್ದಿರ್ಲಿಲ್ವಾ?” ಎಂದಳು ಕೊನೆಗೆ.

“ಹೌದು.”

“ಆ ಥರದ ವೈರು ಇನ್ನೂ ಎಷ್ಟಿವೆ?”

“ಅವರ ಗೋದಾಮಿನಲ್ಲಿ ಹತ್ತು ಹನ್ನೆರಡು. ಬೇರೆಯವರ ಹತ್ರ ಎಷ್ಟೋ.”

“ನಿನ್ನ ಎತ್ತಿ ಆಡಿಸಿದ ಚಿಕ್ಕಪ್ಪ ಕಣೇ,” ಟೈಲರ್ ಮಂಚದ ಕಂಬಿ ಹಿಡಿದುಕೊಂಡ. “ನೀನು ಬೇಡ ಅಂದ್ರೆ ಮೇಡಂ ಬಿಟ್ಟುಬಿಡ್ತಾರೆ.”

ಬಿಡುವುದಿಲ್ಲ ಎಂಬ ಮಾತು ಇನ್‌ಸ್ಪೆಕ್ಟರಿನ ನಾಲಿಗೆ ತುದಿಗೆ ಬಂದಿತ್ತು. ಹುಡುಗಿಯ ಮುಖ ನೋಡಿ ತಡೆದುಕೊಂಡಳು.

“ಗೊತ್ತಪ್ಪಾ. ನನ್ನ ಕೈಗೆ ಮೊದಲು ಮೈಕು ಕೊಟ್ಟೋರೇ ಅವರು. ನೀನು ಬೇಡ ಅಂದಾಗ ನನ್ನ ಪರ ಜಗಳ ಆಡಿದ್ದೂ ಅವರೇ.” ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಕದಲಲಿಲ್ಲ. “ಆದ್ರೆ ಸುಮ್ಮನಿದ್ರೆ ಆ ವೈರನ್ನ ನಾಳೆ ಇನ್ಯಾರೋ ಹಿಡೀತಾರೆ. ಎಲ್ಲ ಕಡೆ ಒಬ್ಬಳು ನರ್ಸ್ ಕೂತಿರಲ್ಲ. ತಂತಿಯಕ್ಕ ನನಗೆ ನಿಜ ಹೇಳಿ ಗಿಟಾರ್ ಕೊಟ್ಟೋರು. ಅವರನ್ನ ನಾನು ಜೈಲಿಗೆ ಕಳಿಸ್ಬೇಕಿತ್ತಾ? ಹೇಳಪ್ಪಾ.”

ಟೈಲರ್ ಕಂಬಿಗೆ ಹಣೆ ಒತ್ತಿ ನಿಂತ.

“ಬರ್ಕೊಳ್ಳಿ ಮೇಡಂ. ಸಹಿಗೆ ಬಲಗೈ ಇದೆ.”

ಪತ್ರಿಕೆಯವರ ಸಭೆ ನಡೆಯಲಿಲ್ಲ. ದೊಡ್ಡ ಸಾಹೇಬರಿಗೆ ಮೈ ಬಿಸಿಯಂತೆ ಎಂದು ಕಚೇರಿಯಿಂದ ಸುದ್ದಿ ಬಂತು. ತಂತಿಯಕ್ಕನ ಮೇಲೆ ಪ್ರಾಣಾಪಾಯದ ಆರೋಪ ಕೈಬಿಟ್ಟು, ಸುಳ್ಳು ಗುರುತಿನ ಮಾಲು ಮಾರಿದ ಪ್ರಕರಣ ಒಂದನ್ನೇ ಉಳಿಸಿ, ಜಾಮೀನಿನ ಮೇಲೆ ಬಿಟ್ಟರು. ಆಕೆ ಧನ್ಯವಾದ ಹೇಳುವವಳಲ್ಲ.

“ಹೆಸರಿನ ಕೇಸು ನಿಂತೇ ಇರತ್ತೆ,” ಎಂದಳು ಇನ್‌ಸ್ಪೆಕ್ಟರ್.

“ನಿಲ್ಲಲಿ. ಕೋರ್ಟಿನಲ್ಲಿ ನಾನೂ ನಿಲ್ತೀನಿ. ನಾನು ಸರಿ ಮಾಡಿದ್ದನ್ನ ಜಡ್ಜ್ ಮುಂದೆ ಬಾರಿಸಿ ತೋರಿಸ್ತೀನಿ.”

“ಚೆನ್ನಾಗಿ ಬಾರಿಸಿದ್ರೂ ಹೆಸರು ಸುಳ್ಳೇ.”

“ಹೌದು ಬಿಡಿ,” ಎಂದು ತಂತಿಯಕ್ಕ ಕನ್ನಡಕವನ್ನು ತಲೆಗೇರಿಸಿಕೊಂಡು ಹೊರಟಳು.

ಅವಳು ಗೇಟು ದಾಟಿದ ಮೇಲೆ ಪಂಚಣ್ಣ ಮೆಲ್ಲಗೆ ಬಂದ. “ಮಗಳಿಗೆ ಏನು ಹೇಳ್ಲಿ ಮೇಡಂ?”

“ಯಾರ ಹೆಸರೂ ಇಲ್ಲದ ಅಗ್ಗದ್ದು ಸಿಗತ್ತೆ. ತಗೊಂಡು ತಂತಿಯಕ್ಕನ ಕೈಲಿ ಸರಿ ಮಾಡಿಸಿ.”

“ಹೆಸರಿಲ್ಲದ್ದು ಬೇಡವಂತೆ ಅವಳಿಗೆ.”

“ಹಾಗಾದ್ರೆ ಅವಳಿಗೆ ಬೇಕಾಗಿರೋದು ಗಿಟಾರ್ ಅಲ್ಲ.”

ಸಂಜೆ ಐದಕ್ಕೆ ಮೈಕಿನವನ ಬಂಧನದ ಕಾಗದ ತಯಾರಾಯಿತು. ನಿರ್ಲಕ್ಷ್ಯದಿಂದ ಗಂಭೀರ ಗಾಯ, ಸಾಕ್ಷ್ಯ ನಾಶ, ಸುಳ್ಳು ಮಾಹಿತಿ. ಅವನು ಒಂದನ್ನೂ ಅಲ್ಲಗಳೆಯಲಿಲ್ಲ. ಹೇಳಿಕೆ ಬರೆದುಕೊಳ್ಳಲು ಪಂಚಣ್ಣ ಎದುರಿಗೆ ಕೂತ.

“ಆ ಆಂಪನ್ನೇ ಯಾಕೆ ಕೊಟ್ಟೆ?” ಇನ್‌ಸ್ಪೆಕ್ಟರ್ ಕೇಳಿದಳು.

“ನನ್ನ ಹತ್ರ ಇರೋದ್ರಲ್ಲಿ ಅದೇ ಸದ್ದಿಲ್ಲದ್ದು. ಈ ಸಲ ಅವಳಿಗೆ ಅಂತಲೇ ಬೇರೆಯವರಿಗೆ ಕೊಡದೆ ಇಟ್ಟಿದ್ದೆ.” ಅವನು ಅಂಗೈಗಳನ್ನು ನೋಡಿಕೊಂಡ. “ಹೋದ ಸಲ ಜನ ನಕ್ಕಾಗ ಅವಳ ಕಿವಿ ಕೆಂಪಾಗಿದ್ದು ನಾನು ಕೂತಿದ್ದ ಕಡೆಗೂ ಕಾಣ್ತಿತ್ತು. ಗಿಟಾರ್ ನಕಲಿ ಅಂತ ಯಾರೂ ಇನ್ನು ಬಾಯಿ ಬಿಡಬಾರದು, ಹಾಗೆ ಕೇಳಿಸ್ಬೇಕು ಅಂತ ಹಟ ಬಂತು.”

“ತಂತಿಯಕ್ಕನ ಮೇಲೆ ಯಾಕೆ ಹಾಕಿದೆ?”

“ಅಣ್ಣ ಆಸ್ಪತ್ರೆ ಬಾಗಿಲಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ. ಹೇಗಾಯ್ತೋ ಅಂತ ಕೇಳ್ದ. ನಾಲಿಗೆ ಮೇಲೆ ಗಿಟಾರ್ ಅಂತ ಬಂದುಬಿಡ್ತು. ಆಮೇಲೆ ಹಿಂದಕ್ಕೆ ತಗೊಳ್ಳೋಕೆ ಆಗ್ಲಿಲ್ಲ.”

ಪಂಚಣ್ಣ ಬರೆದು ಮುಗಿಸಿ, ಓದಿ ಹೇಳಿ, ಸಹಿಗೆಂದು ಕಾಗದ ಮುಂದೆ ತಳ್ಳಿದ. ಮೈಕಿನವನು ಪೆನ್ನು ಹಿಡಿದವನು ಹಾಗೇ ತಡೆದ.

“ಮೇಡಂ, ಇನ್ನೊಂದು ಮಾತು ಸೇರಿಸಬಹುದಾ?”

“ಏನು?”

“ಬೀಳೋಕೆ ಮುಂಚೆ ಅವಳು ಪಲ್ಲವಿ ಪೂರ್ತಿ ಹಾಡಿದ್ಳು. ಸಭಾಂಗಣದ ಕೊನೇ ಸಾಲಿನವರೆಗೂ ಅವಳೊಬ್ಬಳ ದನಿಯೇ ಕೇಳಿಸ್ತು. ಒಬ್ಬರೂ ನಗಲಿಲ್ಲ.”

ಪಂಚಣ್ಣ ಇನ್‌ಸ್ಪೆಕ್ಟರಿನ ಮುಖ ನೋಡಿದ. ಪ್ರಕರಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಅವನಂಥವನಿಗೂ ಗೊತ್ತಿತ್ತು.

“ಬರೀರಿ,” ಎಂದಳು ಆಕೆ.

ಅವನು ಬರೆದ. ಮೈಕಿನವನು ಅದನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದ.